ಬೆಳಿಗ್ಗೆ ಕುಂತಿಬೆಟ್ಟ, ಸಂಜೆ ತೊಣ್ಣೂರು ಕೆರೆ: ಗೆಳೆಯರ ಜೊತೆ ಒಂದು ದಿನದ ನಿಧಾನ ನಡಿಗೆ

ಮಂಡ್ಯ ಜಿಲ್ಲೆಯ ಪಾಂಡವಪುರದ ಆಸುಪಾಸಿನಲ್ಲಿ ಒಂದು ದಿನದ ನಡಿಗೆಗೆ ಬೇಕಾದದ್ದೆಲ್ಲ ಇದೆ. ಹತ್ತಲು ಕಲ್ಲುಬೆಟ್ಟ, ಅಡ್ಡಾಡಲು ಹಳೆಯ ಕೆರೆಯ ಏರಿ, ನೆರಳಿಗೆ ಹೊಯ್ಸಳರ ಕಾಲದ ಗುಡಿಗಳು, ದಾರಿಯುದ್ದಕ್ಕೂ ಭತ್ತ, ಕಬ್ಬು, ತೆಂಗು. ಮೈಸೂರಿನಿಂದ ಮೂವತ್ತು ಕಿ.ಮೀ. ಒಳಗೆ, ಬೆಂಗಳೂರಿನಿಂದ ಸುಮಾರು 130 ಕಿ.ಮೀ. ಇಷ್ಟು ಹತ್ತಿರವಿದ್ದೂ ಎಷ್ಟೋ ತಂಡಗಳು ಇಲ್ಲಿಂದ ತಲೆನೋವು ಕಟ್ಟಿಕೊಂಡು ಹಿಂತಿರುಗುತ್ತವೆ. ಕಾರಣ ಒಂದೇ: ತಡವಾಗಿ ಹೊರಟು, ಮೊದಲು ಕೆರೆ ನೋಡಿ, ಹನ್ನೊಂದು ಗಂಟೆಯ ಬಿಸಿಲಲ್ಲಿ ಬೆಟ್ಟ ಹತ್ತುವುದು.

ಈ ಜಾಗದಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಬರುವುದಿಲ್ಲ, ಬಿಸಿಲು ಲೆಕ್ಕಕ್ಕೆ ಬರುತ್ತದೆ. ಬಂಡೆ ತಣ್ಣಗಿರುವಾಗ ಬೆಟ್ಟ, ಬಿಸಿಲೇರಿದಾಗ ಗುಡಿ ಮತ್ತು ಮರದ ನೆರಳು, ಬಿಸಿಲು ಇಳಿದಾಗ ಕೆರೆ. ಈ ಕ್ರಮ ಹಿಡಿದರೆ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ, ಯಾರೂ ಯಾರನ್ನೂ ಅವಸರಪಡಿಸಬೇಕಾಗಿಲ್ಲ.

ಯಾವ ತಿಂಗಳು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಹಿಂಗಾರು ಮಳೆ ಚೆನ್ನಾಗಿ ಬಿದ್ದ ವರ್ಷ ನವೆಂಬರಿನಲ್ಲಿ ಕೆರೆಯೂ ತುಂಬಿರುತ್ತದೆ, ಗದ್ದೆಯೂ ಹಸಿರಾಗಿರುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲರ ಸುಮಾರಿಗೆ. ಆರೂವರೆಗೆ ಬೆಟ್ಟದ ಬುಡದಲ್ಲಿದ್ದರೆ ಸಾಕು, ಕತ್ತಲಲ್ಲಿ ತಡಕಾಡಬೇಕಿಲ್ಲ. ಮಾರ್ಚ್‌ನಿಂದ ಮೇವರೆಗೆ ಬರಲೇಬೇಕೆಂದರೆ ಒಂಬತ್ತರೊಳಗೆ ಬೆಟ್ಟ ಇಳಿದಿರಬೇಕು. ಆಮೇಲೆ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಜಾಸ್ತಿ. ಬೋಳು ಬಂಡೆಯ ನೆತ್ತಿಯಲ್ಲಿ ನಿಂತವರಿಗೆ ಸಿಡಿಲಿನಿಂದ ಮರೆ ಇಲ್ಲ. ಗುಡುಗಿನ ಮೊದಲ ಸದ್ದು ಕೇಳಿದಾಗಲೇ ಇಳಿಯಲು ಶುರುಮಾಡಬೇಕು, ಮಳೆಹನಿ ಬೀಳಲಿ ಎಂದು ಕಾಯಬಾರದು.

ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಕೆರೆಯ ದಡದಲ್ಲಿ ಜಾತ್ರೆಯಂಥ ಜನ. ಶನಿವಾರ ಪರವಾಗಿಲ್ಲ, ವಾರದ ನಡುವಿನ ದಿನ ಸಿಕ್ಕರೆ ಇನ್ನೂ ಮೇಲು. ಮಾರ್ಚ್–ಏಪ್ರಿಲ್‌ನಲ್ಲಿ ಬರುವ ಮೇಲುಕೋಟೆ ವೈರಮುಡಿಯ ದಿನಗಳಲ್ಲಿ ಈ ಕಡೆಯ ಬಸ್ಸುಗಳೆಲ್ಲ ತುಂಬಿರುತ್ತವೆ. ಅದನ್ನೇ ನೋಡಲು ಬರುವವರನ್ನು ಬಿಟ್ಟು ಉಳಿದವರು ಆ ವಾರ ತಪ್ಪಿಸಿ.

ಎಷ್ಟು ಜನ, ಯಾರು ಮುಂದೆ

ನಾಲ್ಕರಿಂದ ಎಂಟು ಜನ ಸರಿಯಾದ ತಂಡ. ಮೂವರಿಗಿಂತ ಕಡಿಮೆಯಿದ್ದು ಒಬ್ಬರ ಕಾಲು ಉಳುಕಿದರೆ, ಅವರ ಜೊತೆ ಒಬ್ಬರು ಕೂತು ಇನ್ನೊಬ್ಬರು ಸಹಾಯಕ್ಕೆ ಓಡುವುದು ಆಗುವುದಿಲ್ಲ. ಹತ್ತು ದಾಟಿದರೆ ತಂಡ ತಾನಾಗಿಯೇ ಎರಡಾಗಿ ಒಡೆಯುತ್ತದೆ. ಮುಂದಿನವರು ಮೇಲೆ ಹೋಗಿ ಫೋಟೊ ತೆಗೆದು ಇಳಿಯುವ ಹೊತ್ತಿಗೆ ಹಿಂದಿನವರು ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಿರುತ್ತಾರೆ.

ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಿನಿಂದ ಎರಡನೆಯವರಾಗಿ ಬಿಡಿ. ಕೊನೆಗೆ ಬಿಟ್ಟರೆ ಅವರಿಗೆ ಎಂದೂ ವಿಶ್ರಾಂತಿ ಸಿಗುವುದಿಲ್ಲ, ಏಕೆಂದರೆ ಅವರು ಬಂದು ಸೇರುವ ಹೊತ್ತಿಗೆ ಕೂತಿದ್ದವರು ಏಳುತ್ತಾರೆ. ಕೊನೆಯಲ್ಲಿ ದಾರಿ ಬಲ್ಲ, ಗಟ್ಟಿಗರೊಬ್ಬರು ಇರಲಿ. ಮಾತಾಡುತ್ತಾ ಹತ್ತಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಒಂದು ವಾಕ್ಯದ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ವೇಗ ಹೆಚ್ಚಾಯಿತು ಎಂದೇ ಅರ್ಥ.

ಚೀಲದಲ್ಲಿ ಏನಿರಬೇಕು

ನೀರು ಮೊದಲು. ಚಳಿಗಾಲದಲ್ಲಿ ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಬೆಟ್ಟದ ಮೇಲಿನ ಕೊಳದ ನೀರನ್ನು ನೆಚ್ಚಿಕೊಳ್ಳಬೇಡಿ, ಅದು ನಿಂತ ನೀರು. ಬರೀ ನೀರನ್ನೇ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸು ಬರುವುದಿಲ್ಲ. ಕಾಲಿನ ಸ್ನಾಯು ಸೆಳೆಯುವುದು, ತಲೆ ಭಾರವಾಗುವುದು ಆಗಲೇ. ಇಬ್ಬರಿಗೊಂದರಂತೆ ಓಆರ್‌ಎಸ್ ಪೊಟ್ಟಣ ಇರಲಿ. ಮರೆತಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಮಟ್ಟಸ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿದರೂ ಆಗುತ್ತದೆ. ಉಪ್ಪು ಇದಕ್ಕಿಂತ ಜಾಸ್ತಿಯಾಗಬಾರದು.

ಬುತ್ತಿಗೆ ಪುಳಿಯೋಗರೆ ಅಥವಾ ಚಪಾತಿ, ಪಲ್ಯ. ಹುಣಸೆಹುಳಿ, ಎಣ್ಣೆ ಇರುವುದರಿಂದ ಪುಳಿಯೋಗರೆ ಮಧ್ಯಾಹ್ನದವರೆಗೂ ಕೆಡದು. ಹಸಿ ಕಾಯಿ ರುಬ್ಬಿದ ಚಟ್ನಿ ಹತ್ತು ಗಂಟೆಗೆಲ್ಲ ಹುಳಿವಾಸನೆ ಬರುತ್ತದೆ, ಅದರ ಬದಲು ಚಟ್ನಿಪುಡಿ ಒಯ್ಯಿರಿ. ಬೆಟ್ಟದ ಮೇಲೆ ತಿನ್ನಲು ಹುರಿಗಡಲೆ, ಕಡಲೆಕಾಯಿ, ಒಂದು ಅಚ್ಚು ಬೆಲ್ಲ, ಸೌತೆಕಾಯಿ, ಕಿತ್ತಳೆ. ಬಾಳೆಹಣ್ಣು ಚೀಲದಲ್ಲಿ ನಜ್ಜುಗುಜ್ಜಾಗುತ್ತದೆ, ಜೊತೆಗೆ ಕೋತಿಗಳನ್ನು ಕರೆಯುತ್ತದೆ. ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕೈಯಲ್ಲಿ ಹಿಡಿದು ನಡೆಯುವುದಂತೂ ಬೇಡವೇ ಬೇಡ. ಕವರಿನ ಸದ್ದು ಕೇಳಿದರೆ ಸಾಕು, ಕೋತಿ ಕಿತ್ತುಕೊಳ್ಳುತ್ತದೆ.

ಇನ್ನು ಟೋಪಿ, ತೆಳ್ಳನೆಯ ಉದ್ದ ತೋಳಿನ ಅಂಗಿ, ಒಂದು ಟವೆಲ್, ಸಣ್ಣ ಟಾರ್ಚು, ಗಾಯಕ್ಕೆ ಪಟ್ಟಿ, ಉಳುಕಿಗೆ ಕ್ರೇಪ್ ಬ್ಯಾಂಡೇಜು, ಕಸಕ್ಕೆ ಒಂದು ಗಟ್ಟಿ ಚೀಲ. ಕಾಲಿಗೆ ಅಡಿ ಸವೆಯದ ಬೂಟು. ಓಟದ ಹಳೆಯ ಬೂಟಿನ ಅಡಿ ನುಣುಪಾಗಿದ್ದರೆ ಅದು ಈ ಬಂಡೆಗೆ ಆಗದು. ಹಾಗೆಯೇ ಹೊಚ್ಚ ಹೊಸ ಬೂಟೂ ಬೇಡ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ. ನವೆಂಬರಿನಿಂದಾಚೆ ಹುಲ್ಲು ಒಣಗಿ ಊಬು ಕಾಲುಚೀಲಕ್ಕೆ ಚುಚ್ಚಿಕೊಳ್ಳುವುದರಿಂದ ಉದ್ದ ಪ್ಯಾಂಟೇ ಸರಿ.

ತಲುಪುವುದು

ಪಾಂಡವಪುರ ರೈಲು ನಿಲ್ದಾಣ ಬೆಂಗಳೂರು–ಮೈಸೂರು ಮಾರ್ಗದಲ್ಲಿದೆ. ಆದರೆ ಎರಡು ವಿಷಯ ನೆನಪಿರಲಿ: ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ನಿಲ್ದಾಣದಿಂದ ಊರು ಕೆಲವು ಕಿ.ಮೀ. ದೂರ. ಬಸ್ಸಾದರೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದಿಂದ ನೇರವಾಗಿ ಪಾಂಡವಪುರದ ಬಸ್ ನಿಲ್ದಾಣಕ್ಕೆ ಬರಬಹುದು. ಬೈಕಿನಲ್ಲಿ ಬರುವವರು ಗಮನಿಸಿ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಅದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ.

ಬೆಂಗಳೂರಿನವರು ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಬೆಟ್ಟದ ಬುಡ ಮುಟ್ಟುವಾಗ ಒಂಬತ್ತಾಗಿರುತ್ತದೆ. ಹಿಂದಿನ ರಾತ್ರಿಯೇ ಮೈಸೂರು ಅಥವಾ ಶ್ರೀರಂಗಪಟ್ಟಣದಲ್ಲಿ ಉಳಿಯುವುದು ಜಾಣತನ. ಅದಾಗದಿದ್ದರೆ ಬೆಟ್ಟ ಬಿಟ್ಟು ಕೆರೆ ಮತ್ತು ಗುಡಿಗಳನ್ನಷ್ಟೇ ಇಟ್ಟುಕೊಳ್ಳಿ. ಕ್ರಮ ತಿರುಗಿಸಿ ಸಂಜೆ ಬೆಟ್ಟ ಹತ್ತೋಣ ಎನ್ನುವವರಿರುತ್ತಾರೆ. ಹತ್ತುವುದೇನೋ ಚೆಂದವೇ, ಆದರೆ ಇಳಿಯುವಾಗ ಕತ್ತಲು. ಈ ಭಾಗದ ಕಬ್ಬಿನ ಗದ್ದೆ, ಕಲ್ಲುಗುಡ್ಡಗಳಲ್ಲಿ ಚಿರತೆಗಳೂ ಇವೆ. ರಾತ್ರಿ ಚಾರಣಕ್ಕೆ ಅನುಮತಿಯಿಲ್ಲದೆ ಹೋಗುವುದು ಬೇಡ. ಹಗಲಿನ ಚಾರಣಕ್ಕೂ ಅರಣ್ಯ ಇಲಾಖೆಯ ನಿಯಮ ಆಗಾಗ ಬದಲಾಗುತ್ತದೆ. ಹೊರಡುವ ವಾರ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಬೆಟ್ಟ: ಆರೂವರೆಯಿಂದ ಒಂಬತ್ತೂವರೆ

ಪಾಂಡವಪುರದಿಂದ ಕುಂತಿಬೆಟ್ಟದ ಬುಡಕ್ಕೆ ಮೂರು ನಾಲ್ಕು ಕಿ.ಮೀ. ಆಟೊ ಸಿಗುತ್ತದೆ, ತಂಪು ಹೊತ್ತಾದ್ದರಿಂದ ನಡೆದರೂ ಕಷ್ಟವಿಲ್ಲ. ಪಾಂಡವರು ವನವಾಸದಲ್ಲಿದ್ದಾಗ ಕುಂತಿಯ ಜೊತೆ ಇಲ್ಲಿ ತಂಗಿದ್ದರು ಎನ್ನುವುದು ಸ್ಥಳಪುರಾಣ. ಊರಿಗೆ ಪಾಂಡವಪುರ ಎಂಬ ಹೆಸರು ಬಂದದ್ದೂ ಅದರಿಂದಲೇ. ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ಇದೇ ಊರು ಫ್ರೆಂಚ್ ರಾಕ್ಸ್. ಹೈದರಾಲಿ, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಈ ಬಂಡೆಗಳ ಬುಡದಲ್ಲಿ ಬಿಡಾರ ಹೂಡಿದ್ದರು.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 2,880 ಅಡಿ ಎಂದು ಓದಿ ಹೆದರಬೇಕಿಲ್ಲ. ಬುಡವೇ ಎತ್ತರದಲ್ಲಿದೆ, ಕಾಲಿನಲ್ಲಿ ಹತ್ತುವುದು ಅದರ ಸಣ್ಣದೊಂದು ಪಾಲು. ನಿಲ್ಲುತ್ತಾ ಕೂರುತ್ತಾ ಹೋದರೂ ಒಂದು ಗಂಟೆ ಸಾಕು. ಬುಡದಲ್ಲಿ ಗುಡಿಯಿದೆ, ಅಲ್ಲಿಂದ ಒಂದಷ್ಟು ಮೆಟ್ಟಿಲು. ಆಮೇಲೆ ಬಂಡೆ, ಕುರುಚಲು ಗಿಡದ ನಡುವಿನ ಕಾಲುದಾರಿ. ಇಲ್ಲಿ ದಾರಿ ತಪ್ಪುವುದು ಸುಲಭ, ಏಕೆಂದರೆ ಜನ, ಮೇಕೆ ಎರಡೂ ಓಡಾಡಿ ಕವಲುಗಳಾಗಿವೆ. ಸವೆದು ಬೆಳ್ಳಗಾದ ಬಂಡೆಯ ಜಾಡು ಜನರದ್ದು. ಪೊದೆಯೊಳಗೆ ಬಗ್ಗಿ ನುಗ್ಗಬೇಕಾಗಿ ಬಂದರೆ ಅದು ಮೇಕೆಯದು. ಅಂಥ ಕಡೆ ಮುಂದಕ್ಕೆ ಸಾಹಸ ಮಾಡದೆ, ಕೊನೆಯ ಸಲ ದಾರಿ ಸ್ಪಷ್ಟವಿದ್ದ ಜಾಗಕ್ಕೆ ಹಿಂತಿರುಗಿ. ಮೇಕೆ ಕಾಯುವವರು ಸಿಕ್ಕರೆ "ಯಜಮಾನ್ರೇ, ಮೇಲಕ್ಕೆ ದಾರಿ ಯಾವ್ ಕಡೆ?" ಎಂದು ಕೇಳಿಬಿಡಿ. ಉತ್ತರ ಸಿಕ್ಕೇ ಸಿಗುತ್ತದೆ. ಆದರೆ "ಇಲ್ಲೇ ಹತ್ರ" ಎಂದರೆ ಇನ್ನೂ ಅರ್ಧ ಗಂಟೆ ಎಂದು ಲೆಕ್ಕ ಹಾಕಿಕೊಳ್ಳಿ.

ಎರಡು ಗುಡ್ಡಗಳ ನಡುವೆ ಒಂದು ಕೊಳವಿದೆ. ಹತ್ತಿರದಲ್ಲೇ ಒನಕೆಯಂತೆ ನೆಟ್ಟಗೆ ನಿಂತ ಬಂಡೆ. ಮೊದಲ ದೊಡ್ಡ ವಿಶ್ರಾಂತಿಗೆ ಇದೇ ಜಾಗ. ಮಂಡಿನೋವು ಇರುವವರು ಇಲ್ಲೇ ಉಳಿದರೂ ನಷ್ಟವಿಲ್ಲ, ಉಳಿದವರು ನೆತ್ತಿಗೆ ಹೋಗಿ ಬರಬಹುದು. ನೆತ್ತಿಯಿಂದ ಕಾಣುವುದು ನೀರಾವರಿ ನಾಡಿನ ನಕ್ಷೆ: ನಾಲೆಯ ನೀರು ಹರಿದಲ್ಲೆಲ್ಲ ಕಬ್ಬು–ಭತ್ತದ ಹಸಿರು, ಅದು ಹತ್ತದ ದಿಣ್ಣೆಗಳಲ್ಲಿ ಒಣ ಹೊಲ, ಬಂಡೆ. ತಿಂಡಿ ಇಲ್ಲೇ, ಎಂಟರ ಹೊತ್ತಿಗೆ.

ಬಂಡೆಯ ಮೇಲೆ ಜಾರುವ ಜಾಗ ಕಣ್ಣಿಗೇ ಕಾಣುತ್ತದೆ. ಮಳೆನೀರು ಇಳಿಯುವ ಕಡೆ ಕಪ್ಪು ಪಟ್ಟೆಗಳಿರುತ್ತವೆ. ಅದು ಒಣಗಿದ ಪಾಚಿ. ಒಣಗಿದ್ದಾಗ ಹಿಡಿತ ಕೊಡುತ್ತದೆ, ಒಂದು ಹನಿ ಬಿದ್ದರೆ ಸಾಬೂನು. ಇಬ್ಬನಿ ಬಿದ್ದ ಬೆಳಿಗ್ಗೆಯೂ ಅಷ್ಟೇ. ಇನ್ನೊಂದು ಅಪಾಯ, ಬಂಡೆಯ ಮೇಲೆ ಚೆಲ್ಲಿದ ಸಣ್ಣ ನೊರಜುಗಲ್ಲು. ಅದರ ಮೇಲೆ ಕಾಲಿಟ್ಟರೆ ಕೆಳಗೆ ಗಾಲಿ ಕಟ್ಟಿದಂತೆ ಜಾರುತ್ತದೆ. ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಇಳಿಯುವಾಗ. ಹತ್ತಿ ಮುಗಿಯಿತು ಎಂಬ ನಿರಾಳ ಒಂದು ಕಡೆ, ತೊಡೆಯ ಸ್ನಾಯು ದಣಿದಿರುವುದು ಇನ್ನೊಂದು ಕಡೆ. ಇಳಿಯುವ ಮೊದಲು ಬೂಟಿನ ದಾರ ಬಿಚ್ಚಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ನೂಕಿ ಉಗುರು ನೀಲಿಗಟ್ಟುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ, ಓರೆಯಾಗಿ ಇಳಿಯಿರಿ. ಹಿಂದಕ್ಕೆ ವಾಲಿದಷ್ಟೂ ಕಾಲು ಜಾರುತ್ತದೆ. ಹೆದರಿಕೆಯಾಗುವ ಕಡೆ ಬಂಡೆಗೆ ಮುಖ ಮಾಡಿ, ಕೈ ಊರಿ ಇಳಿಯಲು ನಾಚಿಕೆ ಬೇಡ.

ಹೆಜ್ಜೇನಿನ ವಿಷಯ ಬೇರೆಯಾಗಿಯೇ ಹೇಳಬೇಕು. ಇಂಥ ಕಲ್ಲುಬೆಟ್ಟಗಳಲ್ಲಿ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಹುಟ್ಟು ಕಟ್ಟುತ್ತದೆ. ಹೊಗೆ, ಕಲ್ಲೆಸೆತ, ಜೋರು ಸದ್ದು ಅದನ್ನು ಕೆಣಕುತ್ತವೆ. ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಹಾಕುವುದು, ಸಿಗರೇಟು, ಸ್ಪೀಕರು, ಡ್ರೋನು ಯಾವುದೂ ಬೇಡ. ಆ ದಿನ ಸೆಂಟೂ ಬೇಡ. ಹುಟ್ಟು ಕಂಡರೆ ಸದ್ದಿಲ್ಲದೆ ದೂರದಿಂದ ಬಳಸಿ ಹೋಗಿ. ಎದ್ದೇಬಿಟ್ಟರೆ ಕೈ ಬೀಸುತ್ತಾ ನಿಲ್ಲಬೇಡಿ, ಟವೆಲಿನಿಂದ ಮುಖ, ತಲೆ ಮುಚ್ಚಿಕೊಂಡು ಅಲ್ಲಿಂದ ದೂರ ಹೋಗುತ್ತಲೇ ಇರಿ. ಮುಚ್ಚಿದ ವಾಹನ ಅಥವಾ ಕಟ್ಟಡ ಸಿಕ್ಕರೆ ಒಳಗೆ ಸೇರಿ. ಕೊಳಕ್ಕೆ ಹಾರಿದರೆ ಉಪಯೋಗವಿಲ್ಲ, ತಲೆ ಎತ್ತುವವರೆಗೂ ಅವು ಮೇಲೆಯೇ ಸುತ್ತುತ್ತವೆ. ಚುಚ್ಚಿದ ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಊದಿಕೊಂಡರೆ, ಉಸಿರು ಕಟ್ಟಿದರೆ, ವಾಂತಿ ಶುರುವಾದರೆ ಅಥವಾ ಹತ್ತಾರು ಕಡೆ ಕಚ್ಚಿದ್ದರೆ 108ಕ್ಕೆ ಕರೆ ಮಾಡಿ ಪಾಂಡವಪುರದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹಾವು ಕಚ್ಚಿದರೂ 108. ಗಾಯ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಆಡಿಸದಂತೆ ನೋಡಿಕೊಂಡು ಸಾಗಿಸಿ.

ನಡುಹಗಲು: ಗುಡಿ ಮತ್ತು ನೆರಳು

ಬೆಟ್ಟ ಇಳಿದು ಪಾಂಡವಪುರದಲ್ಲಿ ಕಾಫಿ ಕುಡಿದು, ಹತ್ತೂವರೆಗೆ ತೊಣ್ಣೂರು ಸೇರಿ. ಕಾಗದದಲ್ಲಿ ಕೆರೆತೊಣ್ಣೂರು, ಶಾಸನಗಳಲ್ಲಿ ತೊಂಡನೂರು. ರಸ್ತೆ ಹತ್ತು ಕಿ.ಮೀ. ಆಸುಪಾಸು. ಈ ಭಾಗವನ್ನು ನಡೆದೇ ತೀರುತ್ತೇವೆ ಎಂಬ ಹಟ ಬೇಡ, ಟಾರು ರಸ್ತೆಯ ಬಿಸಿಲಲ್ಲಿ ನೋಡಲು ಏನೂ ಇಲ್ಲ. ಬಸ್ಸು ಕಡಿಮೆ. ಆಟೊ ಮಾಡುವುದಾದರೆ ಹೋಗುವಾಗಲೇ ಸಂಜೆ ವಾಪಸು ಬರುವುದನ್ನೂ ಸೇರಿಸಿ ಬಾಡಿಗೆ ಮಾತಾಡಿ, ಚಾಲಕರ ಫೋನ್ ನಂಬರ್ ಇಟ್ಟುಕೊಳ್ಳಿ.

ಗುಡಿಗಳನ್ನು ಮೊದಲು ನೋಡಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ನಂಬಿನಾರಾಯಣ, ಅದರೆದುರಿನ ವೇಣುಗೋಪಾಲ, ಸ್ವಲ್ಪ ಎತ್ತರದಲ್ಲಿ ಯೋಗಾನರಸಿಂಹ. ರಾಮಾನುಜಾಚಾರ್ಯರು 12ನೇ ಶತಮಾನದಲ್ಲಿ ಮೇಲುಕೋಟೆಗೆ ಹೋಗುವ ಮುನ್ನ ಇಲ್ಲಿದ್ದರು ಎಂಬುದು ಶ್ರೀವೈಷ್ಣವ ಪರಂಪರೆಯ ಮಾತು. ನರಸಿಂಹನ ಗುಡಿಯಲ್ಲಿ ತೆರೆಯ ಹಿಂದೆ ಆದಿಶೇಷನಾಗಿ ಕೂತು ಸಾವಿರ ಜೈನರಿಗೆ ಏಕಕಾಲಕ್ಕೆ ಉತ್ತರ ಕೊಟ್ಟರು ಎಂಬ ಕಥೆಯನ್ನು ಅರ್ಚಕರ ಬಾಯಲ್ಲೇ ಕೇಳಿ. ಹೊರಗಿನಿಂದ ಗುಡಿಗಳು ಸರಳ. ಬೇಲೂರಿನ ಕುಸುರಿ ಹುಡುಕಿಕೊಂಡು ಬಂದವರಿಗೆ ನಿರಾಸೆಯಾದೀತು, ಆದರೆ ಕಂಬಗಳ ಸಾಲಿನ ತಂಪು ಬೇರೆಲ್ಲೂ ಇಲ್ಲ.

ಊಟ ಮುಗಿಸಿ ಮೂರೂವರೆಯವರೆಗೆ ಮರದಡಿ ಸುಮ್ಮನೆ ಮಲಗಿ. ಇದೂ ನಡಿಗೆಯ ಭಾಗವೇ. ಈ ಹೊತ್ತಿನಲ್ಲಿ ಮೇಲುಕೋಟೆಗೂ ಹೋಗಿ ಬರೋಣ ಎಂದು ಯಾರಾದರೂ ಹೊರಡಿಸುತ್ತಾರೆ. ಇಪ್ಪತ್ತು ಕಿ.ಮೀ. ದೂರವಷ್ಟೇ, ನಿಜ. ಆದರೆ ಅದಕ್ಕೆ ಬೇರೆಯದೇ ಒಂದು ದಿನ ಬೇಕು. ಸುತ್ತಿನಲ್ಲಿ ಆಲೆಮನೆ ನಡೆಯುತ್ತಿದ್ದರೆ ಹೋಗಿ, ಕೇಳಿ ಒಳಗೆ ಕಾಲಿಡಿ, ಬಿಸಿ ಬೆಲ್ಲ ಕೊಂಡುಕೊಳ್ಳಿ. ಕುದಿಯುವ ಕೊಪ್ಪರಿಗೆಯಿಂದ ಮಾರು ದೂರ ನಿಲ್ಲಿ.

ಏರಿ ಮತ್ತು ದಡ: ನಾಲ್ಕರಿಂದ ಆರು

ಎರಡು ಕಲ್ಲುಗುಡ್ಡಗಳ ನಡುವಿನ ಸಂದಿಗೆ ಅಡ್ಡಲಾಗಿ ಏರಿ ಕಟ್ಟಿ ನೀರು ನಿಲ್ಲಿಸಿದ ಕೆರೆ ಇದು. ನೀರಿನ ತಿಳಿ ನೋಡಿ 1746ರಲ್ಲಿ ಇತ್ತ ಬಂದಿದ್ದ ನಿಜಾಮನ ಮಗ ನಾಸಿರ್ ಜಂಗ್ ಮೋತಿ ತಲಾಬ್ ಎಂದು ಕರೆದನಂತೆ. ರಾಮಾನುಜರ ಕಾಲದ ಹೆಸರು ತಿರುಮಲಸಾಗರ. ಏರಿಯ ಮೇಲೆ ನಡೆಯುವಾಗ ಎರಡೂ ಕಡೆ ನೋಡಿ. ಒಂದು ಬದಿ ಬಂಡೆಗಳ ನಡುವೆ ನೀರು, ಇನ್ನೊಂದು ಬದಿ ತೂಬಿನಿಂದ ಹರಿದ ನೀರಿನ ಗದ್ದೆಗಳು, ತೆಂಗು. ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಸಂಜೆ ಹೊತ್ತು ಕಾಣುತ್ತವೆ. ಬೈನಾಕ್ಯುಲರ್ ಇದ್ದವರು ತಂದರೆ ಎಲ್ಲರಿಗೂ ಹೊತ್ತು ಹೋಗುತ್ತದೆ.

ಕೆರೆಗೆ ಪೂರ್ತಿ ಸುತ್ತು ಹಾಕುವ ಯೋಚನೆ ಬಿಡಿ. ದಡದುದ್ದಕ್ಕೂ ಒಂದೇ ಸಮನಾದ ದಾರಿಯಿಲ್ಲ, ಬಂಡೆ, ಮುಳ್ಳುಪೊದೆ, ಕೆಸರು ಅಡ್ಡ ಬರುತ್ತವೆ. ಏರಿಯಿಂದ ದಡ ಹಿಡಿದು ಒಣನೆಲ ಇರುವಷ್ಟು ದೂರ ಹೋಗಿ, ಐದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ನೀರು ಇಳಿದ ಕಡೆ ಒಣಗಿ ಬಿರುಕು ಬಿಟ್ಟಂತೆ ಕಾಣುವ ಮಣ್ಣಿನ ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ದನದ ಹೆಜ್ಜೆ ಇರುವಲ್ಲಿ ಮಾತ್ರ ನಡೆಯಿರಿ. ಗದ್ದೆಯ ಬದುವಿನ ಮೇಲೆ ಹೋಗುವುದಾದರೆ ಒಬ್ಬರ ಹಿಂದೆ ಒಬ್ಬರು. ಹೊಸದಾಗಿ ಮಣ್ಣು ಮೆತ್ತಿದ ಬದುವಿನ ಮೇಲೆ ಕಾಲಿಟ್ಟರೆ ಅದು ಕುಸಿದು ರೈತರ ನೀರು ಪಕ್ಕದ ಗದ್ದೆಗೆ ಹೋಗುತ್ತದೆ.

ನೀರಿಗಿಳಿಯುವ ಬಗ್ಗೆ ಒಂದೇ ಮಾತು: ಬೇಡ. ಈ ಕೆರೆಯ ಅಪಾಯ ಅದರ ತಿಳಿಯಲ್ಲೇ ಇದೆ. ನೀರಿನೊಳಗಿನ ಬೆಳಕು ಬಾಗುವುದರಿಂದ ಆಳ ಕಣ್ಣಿಗೆ ಮುಕ್ಕಾಲು ಪಾಲಷ್ಟೇ ಕಾಣುತ್ತದೆ. ನಾಲ್ಕಡಿ ಎನಿಸಿದ್ದು ಐದಡಿ ದಾಟಿರುತ್ತದೆ. ತಳದ ಬಂಡೆ ಪಾಚಿಗಟ್ಟಿ ಜಾರುತ್ತದೆ, ಒಂದು ಹೆಜ್ಜೆ ಮುಂದೆ ಬಂಡೆ ಮುಗಿದು ನೇರ ಆಳ. ಈಜು ಬರುವವರೂ ಊಟದ ನಂತರ ಬೂಟು, ಜೀನ್ಸ್‌ನಲ್ಲಿ ಬಿದ್ದರೆ ಎದ್ದು ಬರುವುದು ಕಷ್ಟ. ಕಾಲು ನೆನೆಸುವ ಆಸೆಯಿದ್ದರೆ ಊರವರು ಬಟ್ಟೆ ಒಗೆಯುವ ಮೆಟ್ಟಿಲಿನ ಮೇಲೆ ಕೂತು ನೆನೆಸಿ. ಅಲ್ಲಿ ಹೆಂಗಸರು ಇದ್ದರೆ ಕ್ಯಾಮೆರಾ ಒಳಗಿಡಿ, ಬೇರೆ ಜಾಗ ನೋಡಿ. ಯಾರಾದರೂ ಬಿದ್ದೇಬಿಟ್ಟರೆ ಹಿಂದೆಯೇ ಹಾರಬೇಡಿ. ಮುಳುಗುವವರು ಸಿಕ್ಕಿದವರನ್ನು ಬಿಗಿದು ಹಿಡಿಯುತ್ತಾರೆ, ಇಬ್ಬರೂ ಮುಳುಗುತ್ತಾರೆ. ದುಪಟ್ಟಾ, ಪಂಚೆ, ಉದ್ದ ಕೋಲು ಚಾಚಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಎಸೆದರೆ ತೇಲಲು ಆಸರೆಯಾಗುತ್ತದೆ. ಕೂಗಿ ಊರವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ಕೋಡಿ ಬಿದ್ದ ದಿನಗಳಲ್ಲಿ ಹರಿಯುವ ನೀರಿಗೆ ಅಡ್ಡ ನಿಂತು ಫೋಟೊ ಬೇಡ, ಮೊಣಕಾಲು ಮುಟ್ಟುವ ಹರಿವೂ ಕಾಲು ಕೀಳುತ್ತದೆ. ದಾರಿಯಲ್ಲಿ ಸಿಗುವ ನಾಲೆಗಳು ಇನ್ನೂ ಕೆಟ್ಟವು. ಗೋಡೆ ಇಳಿಜಾರು, ನುಣುಪು, ಹಿಡಿದು ಹತ್ತಲು ಏನೂ ಇಲ್ಲ.

ಆರಕ್ಕೆ ಏರಿ ಬಿಡಿ. ಹೊರಡುವ ಮುನ್ನ ತಲೆ ಎಣಿಸಿ, ಕಸದ ಚೀಲ ನಿಮ್ಮ ಊರಿನವರೆಗೂ ಹೊತ್ತುಕೊಂಡು ಹೋಗಿ. ಇಲ್ಲಿ ಬಿಟ್ಟದ್ದು ಮುಂದಿನ ಮಳೆಗೆ ಕೆರೆಗೇ ಇಳಿಯುತ್ತದೆ. ಬಸ್ಸನ್ನೇ ನಂಬಿದವರು ಕೊನೆಯ ಬಸ್ಸು ಎಷ್ಟಕ್ಕೆಂದು ಬೆಳಿಗ್ಗೆ ಬಂದ ಬಸ್ಸಿನ ಕಂಡಕ್ಟರನ್ನೇ ಕೇಳಿಟ್ಟುಕೊಂಡು, ಅದರ ಹಿಂದಿನ ಬಸ್ಸಿಗೆ ಹೊರಡಿ.